ಗ್ರಾಸ್ಟಾರ್ಕ್ ಕನ್ನಡಕ್ಕೆ ಬರಲಿ

ಮಾನ್ಯ ಸಂಪಾದಕರೇ,

ನಾನು ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. ಹೋದ ತಿಂಗಳು ಇಲ್ಲಿನ ರದ್ದಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹದಿನೈದು ರೂಪಾಯಿ ಕೊಟ್ಟೆ. ಅಮೆರಿಕದ ಜಾರ್ಜ್ ಬಾರ್ ಮೆಕಚನ್ 1901ರಲ್ಲಿ ಬರೆದ 'ಗ್ರಾಸ್ಟಾರ್ಕ್' ಕಾದಂಬರಿ ಅದು.

ಕತೆ ಶುರುವಾಗುವುದೇ ರೈಲಿನಲ್ಲಿ. ನನಗೆ ಇನ್ನೇನು ಬೇಕು! ಲಾರಿ ಎಂಬ ಅಮೆರಿಕದ ಹುಡುಗ, ವಿದೇಶಿ ಹುಡುಗಿ. ಒಂದು ಸಣ್ಣ ಊರಲ್ಲಿ ಇಬ್ಬರನ್ನೂ ಬಿಟ್ಟು ಗಾಡಿ ಹೊರಟೇಬಿಡುತ್ತದೆ. ಕುದುರೆ ಗಾಡಿ ಹತ್ತಿ ಬೆಟ್ಟದ ದಾರಿಯಲ್ಲಿ ಅದನ್ನು ಹಿಡಿಯಲು ಓಡುತ್ತಾರೆ. (ಆ ಗಾರ್ಡ್ ಸ್ವಲ್ಪ ಹಿಂದೆ ತಿರುಗಿ ನೋಡಬಾರದಿತ್ತೇ?) ಆಕೆ ಗ್ರಾಸ್ಟಾರ್ಕ್ ಎಂಬ ಪುಟ್ಟ ರಾಜ್ಯದ ರಾಜಕುಮಾರಿ ಎಂದು ಅವನಿಗೆ ಆಮೇಲೆ ಗೊತ್ತಾಗುತ್ತದೆ. ಆ ರಾಜ್ಯ ನಕಾಶೆಯಲ್ಲಿಲ್ಲ, ಲೇಖಕ ಕಟ್ಟಿದ್ದು. ಪಕ್ಕದ ರಾಜ್ಯಕ್ಕೆ ಕಟ್ಟಬೇಕಾದ ಸಾಲ ಬೇರೆ ಕುತ್ತಿಗೆಗೆ ಬಂದಿರುತ್ತದೆ. ಪಕ್ಕದಲ್ಲೇ ಆನೆಗೊಂದಿ ಇರುವ ನಮಗೆ ಸಣ್ಣ ರಾಜ್ಯದ ಕತೆ ಹೊಸದಲ್ಲ, ಅಲ್ವಾ?

ಅಮೆರಿಕದವನೇ ಎಲ್ಲದರಲ್ಲೂ ಜಾಣ ಎನ್ನುವ ಧೋರಣೆ ಜಾಸ್ತಿ. ಅದು ನನಗೆ ಹಿಡಿಸಲಿಲ್ಲ. ಮಾತೂ ಉದ್ದ. ಆದರೂ ರಾತ್ರಿ ಎರಡರವರೆಗೆ ಓದಿದೆ.

ರಜನಿಕಾಂತ್ ಅವರ 'ಅರುಣಾಚಲಂ' ನೋಡಿದವರಿಗೆ ಮೂವತ್ತು ದಿನದಲ್ಲಿ ಮೂವತ್ತು ಕೋಟಿ ಖರ್ಚು ಮಾಡುವ ಕತೆ ನೆನಪಿರಬಹುದು. ಅದರ ಮೂಲವೂ ಇದೇ ಲೇಖಕನ ಇನ್ನೊಂದು ಕಾದಂಬರಿ. ಮೆಕಚನ್ ತೀರಿಕೊಂಡದ್ದು 1928ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ಸತ್ತ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಹಾಗಾಗಿ ಅನುವಾದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮ ಭಾನುವಾರದ ಪುರವಣಿಯಲ್ಲಿ ಧಾರಾವಾಹಿಯಾಗಿ ಹಾಕಬಹುದಲ್ಲ? ನನ್ನ ಪ್ರತಿಯಲ್ಲಿ ಕೊನೆಯ ಕೆಲವು ಹಾಳೆ ಇಲ್ಲ.

– ನಿವೃತ್ತ ರೈಲ್ವೆ ಗಾರ್ಡ್, ಕೊಪ್ಪಳ