ಮಗಳಿಗೊಂದು ಪತ್ರ: ಗೆದ್ದಲು ತಿಂದ ಡ್ರಾಯಿಂಗ್ ಪುಸ್ತಕ

ಪುಟ್ಟೀ,

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಅಟ್ಟದ ಮೇಲಿದ್ದ ನಿನ್ನ ಹಳೇ ಪುಸ್ತಕದ ಪೆಟ್ಟಿಗೆಗೆ ಗೆದ್ದಲು ಹಿಡಿದಿದೆ. ಎರಡನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕದಲ್ಲಿ ಉಳಿದಿರುವುದು ಅರ್ಧ ಹಾಳೆ. ತಪ್ಪು ನನ್ನದೇ. ಗೋಡೆ ಮೇಲೆ ಮಣ್ಣಿನ ಗೆರೆ ಏರುತ್ತಿದ್ದದ್ದನ್ನು ತಿಂಗಳ ಹಿಂದೆಯೇ ನೋಡಿದ್ದೆ. ನಾಳೆ ಒರೆಸಿದರಾಯ್ತು ಅಂತ ಸುಮ್ನಿದ್ದೆ.

ಸಿಟ್ಟಿನಲ್ಲಿ ಪೊರಕೆ ಹಿಡಿದು ಹೋದವನು ಆ ಗೆರೆಯನ್ನು ಒಂದು ಗೇಣು ಒಡೆದೆ, ಅಷ್ಟೇ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತುಬಿಟ್ಟೆ. ಬಿಳಿ ಹುಳುಗಳು ಗಡಿಬಿಡಿಯಲ್ಲಿ ಒಳಗೆ ನುಗ್ಗಿದವು. ದೊಡ್ಡ ತಲೆಯ ಕೆಲವು ಮಾತ್ರ ಒಡೆದ ಬಾಯಿಗೆ ಬಂದು ನಿಂತವು. ಅವು ಕಾವಲಿನವು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಕಪ್ಪು ಇರುವೆಗಳು ಬಂದವು, ಸಿಕ್ಕ ಗೆದ್ದಲನ್ನು ಕಚ್ಚಿಕೊಂಡು ಹೊರಟವು. ಆ ಮಣ್ಣಿನ ಸುರಂಗ ಯಾಕೆ ಬೇಕು ಅಂತ ಆಗ ಗೊತ್ತಾಯಿತು. ಅದರೊಳಗಿದ್ದರೆ ಮೈ ಒಣಗುವುದಿಲ್ಲ, ಇರುವೆಯ ಬಾಯಿಗೂ ಬೀಳುವುದಿಲ್ಲ.

ನೀನು ಚಿಕ್ಕವಳಿದ್ದಾಗ ಗೆದ್ದಲನ್ನು 'ಬಿಳಿ ಇರುವೆ' ಅನ್ನುತ್ತಿದ್ದೆ. ನಾನೂ ತಿದ್ದಲಿಲ್ಲ. ಈಗ ತಿದ್ದುತ್ತೇನೆ, ಕೇಳು. ಗೆದ್ದಲು ಜಿರಲೆಯ ವಂಶದ್ದು. ಇರುವೆಯದು ಕಣಜ, ಜೇನ್ನೊಣಗಳ ಬಳಗ. ಇರುವೆ ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣುಗಳೇ. ಗಂಡು ರಾಣಿಯನ್ನು ಕೂಡಿ ಸ್ವಲ್ಪದರಲ್ಲೇ ಸಾಯುತ್ತದೆ. ಗೆದ್ದಲಿನ ರಾಜ ಹಾಗಲ್ಲ, ರಾಣಿಯ ಪಕ್ಕದಲ್ಲೇ ವರ್ಷಗಟ್ಟಲೆ ಸಂಸಾರ ಮಾಡುತ್ತಾನೆ. ನಿಮ್ಮಮ್ಮನಿಗೆ ಇದನ್ನು ಹೇಳಿದರೆ, ಅವನು ಅಟ್ಟ ಗುಡಿಸುತ್ತಾನಾ ಅಂತ ಕೇಳಿದಳು.

ಈ ಎರಡು ಬಳಗದ ಜಗಳದಲ್ಲಿ ನನ್ನ ಮನಸ್ಸಿನಲ್ಲಿ ಕೂತಿರುವ ಕತೆ ಆಫ್ರಿಕಾದ್ದು. ಅಲ್ಲಿ ಮಟಬೆಲೆ ಅನ್ನುವ ಇರುವೆ ಇದೆ. ಗೆದ್ದಲು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಒಂದು ಇರುವೆ ಹೋಗಿ ಗೆದ್ದಲು ಇರುವ ಜಾಗ ಹುಡುಕಿ ಬರುತ್ತದೆ. ಆಮೇಲೆ ನೂರಾರು ಇರುವೆಗಳು ಸಾಲುಗಟ್ಟಿ ದಾಳಿಗೆ ಹೊರಡುತ್ತವೆ. ಗೆದ್ದಲಿನ ಕಾವಲಿನವುಗಳ ದವಡೆ ಅಂದರೆ ಕತ್ತರಿ. ಇರುವೆಗಳ ಕಾಲು ಹಾರಿಹೋಗುತ್ತವೆ. ಕೆಲವಕ್ಕೆ ಗೆದ್ದಲು ಕಚ್ಚಿಕೊಂಡೇ ನೇತಾಡುತ್ತಿರುತ್ತದೆ.

ಯುದ್ಧ ಮುಗಿದ ಮೇಲೆ ಏನಾಗುತ್ತದೆ ಗೊತ್ತಾ? ಗಾಯಗೊಂಡವನ್ನು ಉಳಿದವು ಹೊತ್ತುಕೊಂಡು ಮನೆಗೆ ಬರುತ್ತವೆ. ಐವರಿ ಕೋಸ್ಟ್‌ನ ಕೊಮೊಯೆ ಕಾಡಿನಲ್ಲಿ ಇದನ್ನು ನೋಡಿದ ವಿಜ್ಞಾನಿ ಎರಿಕ್ ಫ್ರಾಂಕ್ ಮತ್ತವರ ಜೊತೆಗಾರರು 2017ರಲ್ಲಿ ಬರೆದರು. ಗಾಯವಾದ ಇರುವೆ ಒಂದು ವಾಸನೆ ಬಿಡುತ್ತದೆ, ಅದೇ ಅದರ ಕೂಗು. ತಮಾಷೆ ಅಂದರೆ, ಸುತ್ತ ಯಾರೂ ಇಲ್ಲದಾಗ ಅದು ಬೇಗಬೇಗ ನಡೆಯುತ್ತದೆ. ತನ್ನವರು ಹತ್ತಿರ ಬಂದರೆ ಮಾತ್ರ ನಿಧಾನವಾಗುತ್ತದೆ, ಮುಗ್ಗರಿಸುತ್ತದೆ. ಸ್ಕೂಲಿನ ದಿನ ಬೆಳಿಗ್ಗೆ ನಿನಗೆ ಬರುತ್ತಿದ್ದ ಹೊಟ್ಟೆನೋವು ನೆನಪಾಯಿತು!

ಗೂಡು ಸೇರಿದ ಮೇಲೆ ಉಳಿದವು ಗಾಯವನ್ನು ನೆಕ್ಕುತ್ತಾ ಕೂರುತ್ತವೆ. ಹೀಗೆ ಆರೈಕೆ ಸಿಗದಿದ್ದರೆ ಕಾಲು ಕಳೆದುಕೊಂಡವುಗಳಲ್ಲಿ ಶೇಕಡಾ 80ರಷ್ಟು ಒಂದೇ ದಿನದಲ್ಲಿ ಸಾಯುತ್ತವೆ. ಸಿಕ್ಕರೆ ಸಾಯುವುದು ಶೇಕಡಾ 10 ಮಾತ್ರ. ಆದರೆ ಐದಾರು ಕಾಲು ಹೋದವನ್ನು ಅಲ್ಲೇ ಬಿಟ್ಟು ಬರುತ್ತವೆ. ಬಿಟ್ಟು ಬರುತ್ತವೆ ಅನ್ನುವುದೂ ಸರಿಯಲ್ಲ. ಅಂಥವು ಒದ್ದಾಡಿ ಒದ್ದಾಡಿ, ಎತ್ತಿಕೊಳ್ಳಲು ಬಂದವರಿಗೆ ಸಿಗುವುದೇ ಇಲ್ಲವಂತೆ. ಈ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ. ಇದರಲ್ಲಿ ಕರುಣೆ ಹುಡುಕಬೇಡ ಅಂತ ತಿಳಿದವರು ಹೇಳುತ್ತಾರೆ, ಬದುಕಿದ ಇರುವೆ ಮತ್ತೆ ದಾಳಿಗೆ ಬರುತ್ತದೆ, ಗೂಡಿಗೆ ಲಾಭ. ಸರಿ, ಲೆಕ್ಕಾಚಾರವೇ ಇರಲಿ. ನನಗೇನೂ ಬೇಜಾರಿಲ್ಲ.

ಫ್ಲಾರಿಡಾದಲ್ಲಿ ಮರದಲ್ಲಿ ಗೂಡು ಮಾಡುವ ಒಂದು ಇರುವೆ ಇನ್ನೂ ಮುಂದೆ ಹೋಗಿದೆ. ತೊಡೆಗೆ ಗಾಯವಾದರೆ ಜೊತೆಯವು ಮೊದಲು ನೆಕ್ಕಿ, ಆಮೇಲೆ ಕಾಲನ್ನು ಬುಡದಲ್ಲೇ ಕಡಿದು ತೆಗೆಯುತ್ತವೆ. ಇದಕ್ಕೆ 40 ನಿಮಿಷವಾದರೂ ಬೇಕು. ಗಾಯ ಮೊಣಕಾಲಿನ ಕೆಳಗಿದ್ದರೆ ಕಡಿಯುವುದಿಲ್ಲ, ಬರೀ ನೆಕ್ಕುತ್ತವೆ. ಅಲ್ಲಿಂದ ನಂಜು ಬೇಗ ಏರುತ್ತದೆ, ಕಡಿದು ಮುಗಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 2024ರಲ್ಲಿ ಹೊರಬಂದ ವಿಷಯ ಇದು. ಯಾರೂ ಹೇಳಿಕೊಡದೆ ಈ ವ್ಯತ್ಯಾಸ ಗೊತ್ತಾಗುತ್ತದಲ್ಲ!

ನಮ್ಮ ಪುಸ್ತಕ ತಿಂದವರ ಕಡೆಯವರನ್ನೂ ಹೊಗಳಬೇಕು. ಫ್ರೆಂಚ್ ಗಯಾನಾದ ಕಾಡಿನಲ್ಲಿ ಒಂದು ಜಾತಿಯ ಗೆದ್ದಲಿದೆ. ಅಲ್ಲಿ ದುಡಿಯುವ ಗೆದ್ದಲಿಗೆ ವಯಸ್ಸಾದಂತೆ ದವಡೆ ಸವೆಯುತ್ತದೆ, ಕಟ್ಟಿಗೆ ಕಡಿಯಲು ಆಗುವುದಿಲ್ಲ. ಅದೇ ಹೊತ್ತಿಗೆ ಬೆನ್ನಿನ ಮೇಲೆ ನೀಲಿ ಹರಳುಗಳ ಚೀಲ ತುಂಬುತ್ತಾ ಬರುತ್ತದೆ. ಶತ್ರು ಮೇಲೆ ಬಿದ್ದರೆ ಆ ಮುದಿ ಗೆದ್ದಲು ತನ್ನ ಮೈಯನ್ನೇ ಸಿಡಿಸಿಕೊಳ್ಳುತ್ತದೆ. ಹರಳು ಜೊಲ್ಲಿನ ರಸದೊಡನೆ ಬೆರೆತು ಅಂಟಂಟಾದ ವಿಷವಾಗುತ್ತದೆ. ಎಳೆಯವು ಒಳಗೆ ಕೆಲಸ ಮಾಡಿಕೊಂಡಿರುತ್ತವೆ. ಮಂಡಿನೋವಿನಲ್ಲಿ ಅಟ್ಟ ಹತ್ತಿ ಇಳಿದ ರಾತ್ರಿ ಇದನ್ನು ಓದಿದೆ. ಯಾಕೋ ಬೆನ್ನು ಮುಟ್ಟಿ ನೋಡಿಕೊಂಡೆ.

ಪೆಟ್ಟಿಗೆ ಬಿಸಿಲಿಗೆ ಹಾಕಿದ್ದೇನೆ. ಗೋಡೆಯ ಸುರಂಗವನ್ನೂ ಕೊನೆಗೆ ಪೂರ್ತಿ ಕೆರೆದೆ, ಹೊಗಳಿಕೆ ಬೇರೆ, ಮನೆ ಬೇರೆ. ಆ ಅರ್ಧ ಹಾಳೆ ತೆಗೆದಿಟ್ಟಿದ್ದೇನೆ. ಅದರಲ್ಲಿ ನೀನು ಬರೆದ ಇರುವೆಯಿದೆ. ಎಂಟು ಕಾಲು ಹಾಕಿದ್ದೀಯ. ಟೀಚರ್ ಕೆಂಪು ಇಂಕಿನಲ್ಲಿ ಎರಡನ್ನು ಹೊಡೆದುಹಾಕಿದ್ದಾರೆ. ಇರಲಿ ಬಿಡು. ಗೆದ್ದಲಿನ ಯುದ್ಧಕ್ಕೆ ಹೋಗಿ ಎರಡು ಕಳೆದುಕೊಂಡು ಬಂದರೂ ಇನ್ನೂ ಆರು ಇರುತ್ತವೆ.

ಇಂತಿ,
ಅಪ್ಪ