ಯೂಜಾ ಭರಣಿ

ಇಲ್ಲಿ ದಕ್ಷಿಣ ಕೊರಿಯಾದಲ್ಲಿ ಕಳೆದ ವಾರ ಪಕ್ಕದ ಮನೆಯ ಹಲ್ಮೊನಿ ಒಂದು ಚೀಲ ಯೂಜಾ ಹಣ್ಣು (ನಿಂಬೆ ಜಾತಿಯದು) ಹಿಡಿದುಕೊಂಡು ಬಂದರು. ಕೊರಿಯನ್ನಲ್ಲಿ ಹಲ್ಮೊನಿ ಅಂದರೆ ಅಜ್ಜಿ. ಇಲ್ಲಿನ ದಕ್ಷಿಣ ಕರಾವಳಿಯ ಗೊಹುಂಗ್ ಕಡೆಯ ಹಣ್ಣು, ನವೆಂಬರ್ ಕೊಯ್ಲಿನದು. ಗುಳಿಗುಳಿ ಹಳದಿ ಸಿಪ್ಪೆ, ಒಳಗೆ ಬೀಜವೇ ಜಾಸ್ತಿ. ಸಿಪ್ಪೆಗೆ ಉಗುರು ತಾಗಿಸಿದೆ, ಊರಿನ ಹೇರಳೆಕಾಯಿ ನೆನಪಾಯಿತು.

ಇಬ್ಬರೂ ಕೂತು ಹೆಚ್ಚಿದೆವು. ಮೊದಲು ಉಪ್ಪು ಹಾಕಿ ಉಜ್ಜಿ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒರೆಸಬೇಕು. ಬೀಜ ಒಂದೂ ಬಿಡಬಾರದು, ಕಹಿ ಬರುತ್ತೆ. ಸಿಪ್ಪೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ, ಹಣ್ಣಿನಷ್ಟೇ ತೂಕದ ಜೇನು ಹಾಕಿ ಕಲಸಿದೆವು. ಆಮೇಲೆ ನೀರಲ್ಲಿ ಕುದಿಸಿ ಒಣಗಿಸಿಟ್ಟ ಗಾಜಿನ ಭರಣಿಗೆ ತುಂಬಿದೆವು. ಈಗ ಹೆಚ್ಚಿನವರು ಸಕ್ಕರೆಯಲ್ಲೇ ಮಾಡುತ್ತಾರೆ. ಹಲ್ಮೊನಿ ಮಾತ್ರ ಜೇನೇ ಬೇಕು ಅಂದರು.

ಜೇನಿನಲ್ಲಿ ನೀರಿನ ಅಂಶ ಸುಮಾರು 18 ಪರ್ಸೆಂಟ್ ಅಷ್ಟೇ. ಹಾಗಾಗಿ ಅದು ಹಣ್ಣಿನ ನೀರನ್ನೆಲ್ಲ ಎಳೆದುಕೊಳ್ಳುತ್ತೆ. ಎರಡನೇ ದಿನಕ್ಕೇ ನಮ್ಮ ಭರಣಿಯ ಜೇನು ತೆಳ್ಳಗಾಗಿ, ಸಿಪ್ಪೆ ಮೇಲೆ ತೇಲುತ್ತಿತ್ತು. ಹೀಗೆ ತೆಳ್ಳಗಾದ ಜೇನು ಹೊರಗಿಟ್ಟರೆ ಹುಳಿ ಬರುತ್ತೆ, ಫ್ರಿಜ್ ಬೇಕೇ ಬೇಕು. ಒದ್ದೆ ಚಮಚ ಹಾಕಬೇಡ ಅಂತ ಹಲ್ಮೊನಿ ಎರಡು ಸಲ ಹೇಳಿದರು. ಉಪ್ಪಿನಕಾಯಿ ಭರಣಿ ಮುಟ್ಟುವಾಗೆಲ್ಲ ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದರು. (ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಯಾವ ರೂಪದಲ್ಲೂ ಕೊಡಬೇಡಿ.)

ಈ ಹಲ್ಮೊನಿಯ ಜೊತೆ ಮಾತು ಬೆಳೆಯೋಕೆ ನನಗೆ ಒಂದು ವರ್ಷ ಬೇಕಾಯಿತು. ನಾವು ಬಂದ ಹೊಸದರಲ್ಲಿ ಅವರು ಕಿಮ್ಚಿ (ಹುಳಿ ಬರಿಸಿದ ಖಾರದ ತರಕಾರಿ) ತಂದುಕೊಟ್ಟಿದ್ದರು. ನಾನು ಸಸ್ಯಾಹಾರಿ. ಅದರಲ್ಲಿ ಮೀನಿನ ಸಾಸು ಇರುತ್ತೆ ಅಂತ ಗೊತ್ತಿತ್ತು. ಕಾರಣ ಹೇಳದೆ, ಸುಮ್ನೆ ಬೇಡ ಅಂದುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಆಮೇಲೆ ತಿಂಗಳುಗಟ್ಟಲೆ ಬರೀ ನಮಸ್ಕಾರ. ಒಂದು ದಿನ ಧೈರ್ಯ ಮಾಡಿ, ಬರೋ ನಾಲ್ಕು ಕೊರಿಯನ್ ಮಾತಿನಲ್ಲೇ ಮೀನು ತಿನ್ನಲ್ಲ ಅಂತ ಹೇಳಿದೆ. "ಓ, ದೇವಸ್ಥಾನದ ಊಟ!" ಅಂದರು. ಇಲ್ಲಿನ ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಡುತ್ತಾರೆ. ಹಾಗೆ ಬಿಡುವ ಪಟ್ಟಿಯಲ್ಲಿ ನಮ್ಮ ಇಂಗೂ ಇದೆ! ಮುಂದಿನ ವಾರ ಮೀನಿನ ಸಾಸಿಲ್ಲದ ಮೂಲಂಗಿ ಕಿಮ್ಚಿ ನಮ್ಮ ಬಾಗಿಲಿಗೆ ಬಂತು.

ಊರು ಬಿಟ್ಟು ಬಂದ ನಮಗೆ ಅನ್ನ ಸಾರು ಬೇಕು, ನಿಜ. ನನಗೂ ದಿನಾ ಬೇಕು. ಆದರೆ ಪಕ್ಕದ ಮನೆಯವರು ಕೈಯಾರೆ ಮಾಡಿದ್ದನ್ನು ಕಾರಣ ಹೇಳದೆ ವಾಪಸ್ ಕಳಿಸುವುದು ತಪ್ಪು ಅಂತ ನನಗೆ ಈಗ ಅನಿಸುತ್ತೆ. ತಿನ್ನದ್ದನ್ನು ತಿನ್ನಲ್ಲ ಅಂತ ಹೇಳೋಣ. ಏನೇನು ಹಾಕಿದ್ದೀರಿ ಅಂತ ಕೇಳೋಣ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಅಲ್ವಾ?

ಊರಿಂದ ಬರುವಾಗ ಕೊಡಗಿನ ಜೇನು ತಂದವರು ನಮ್ಮಲ್ಲಿ ಹಲವರಿದ್ದಾರೆ. ನೆಲ್ಲಿಕಾಯನ್ನು ಜೇನಿನಲ್ಲಿ ನೆನೆಸಿಟ್ಟು ತಿಂದ ನೆನಪು ಅವರಿಗೆ ಇದ್ದೇ ಇರುತ್ತೆ. ಈ ಚಳಿಗೆ ಅದೇ ಜೇನಿನಲ್ಲಿ ಒಂದು ಸಣ್ಣ ಭರಣಿ ಯೂಜಾ ಹಾಕಿ ನೋಡಿ. ಎರಡು ಚಮಚ ಲೋಟಕ್ಕೆ ಹಾಕಿ ಬಿಸಿನೀರು ಹುಯ್ದರೆ ಚಹಾ ಆಯಿತು. ತಳದಲ್ಲಿ ಉಳಿದ ಸಿಪ್ಪೆಯನ್ನು ಜಗಿದು ತಿನ್ನಬೇಕು. ನಮ್ಮ ಮನೆಯ ಭರಣಿ ತೆಗೆಯೋಕೆ ಇನ್ನೂ ಒಂಬತ್ತು ದಿನ ಇದೆ. ಮೊದಲ ಲೋಟ ಹಲ್ಮೊನಿಗೆ.