ಭಾನುವಾರ ಮಡಿಕೇರಿಯಲ್ಲಿ: ಎಂ. ವಿಜಯನ್ ಬಗ್ಗೆ ಮಾತುಕತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10:30ಕ್ಕೆ ಎಂದಿನ ಜಾಗದಲ್ಲೇ ಸೇರೋಣ. ಈ ಸಲ ಪ್ರೋಟೀನ್ ಸ್ಫಟಿಕ ವಿಜ್ಞಾನಿ (ಪ್ರೋಟೀನನ್ನು ಹರಳಾಗಿಸಿ, ಎಕ್ಸ್-ರೇ ಹಾಯಿಸಿ ಅದರ ರಚನೆ ಕಂಡುಹಿಡಿಯುವವರು) ಎಂ. ವಿಜಯನ್ ಬಗ್ಗೆ. ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ 1930ರ ದಶಕದಲ್ಲಿ ಕೈಗೆತ್ತಿಕೊಂಡ ಇನ್ಸುಲಿನ್ ರಚನೆ ಬಿಡಿಸಿದ್ದು 1969ರಲ್ಲಿ! ಆಕ್ಸ್‌ಫರ್ಡಿನ ಆ ತಂಡದಲ್ಲಿ ವಿಜಯನ್ ಇದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಕಡಲೆಕಾಯಿ ಲೆಕ್ಟಿನ್ (ಸಕ್ಕರೆ ಅಣುಗಳಿಗೆ ಅಂಟಿಕೊಳ್ಳುವ ಪ್ರೋಟೀನ್), ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಪ್ರೋಟೀನಿನ ಸಂದು ಎಲ್ಲಿದೆ, ಹೇಗಿದೆ ಎಂದು ಕಂಡರೆ ಅಲ್ಲಿ ಕೂರುವ ಔಷಧದ ಅಣುವನ್ನು ಹುಡುಕಬಹುದು. ಮಾತ್ರೆಯಾಗಲು ಮತ್ತೆ ವರ್ಷಗಟ್ಟಲೆ ಬೇಕು, ಅದು ಬೇರೆ ಮಾತು.

ಪಿಯುಸಿ ಮಕ್ಕಳನ್ನು ಕರೆತನ್ನಿ, ಗಣಿತಕ್ಕೆ ಹೆದರುವವರನ್ನೂ. ಮಳೆ ಜೋರಿದೆ, ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲ, ಕಪ್ಪುಹಲಗೆಯೇ ಗತಿ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಗಾಡಿ ಹೊಂದಿಸಬೇಕು.